ಅಕ್ಕ ನೋಡುವ ತನಕ

ಆಣೆ ಹಾಕಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ, ನಡೆದದ್ದು ನಡೆದ ಹಾಗೇ ಹೇಳುತ್ತಿದ್ದೇನೆ, ಎಲ್ಲಾದರೂ ಒಂಚೂರು ಉಬ್ಬಿದ್ದರೆ ಅದು ಕೋಳಿ ಉಬ್ಬಿಸಿದ್ದು, ನಾನಲ್ಲ — ಕೋಳಿ ಸ್ಕ್ರೀನಿನ ನಡುವೆ ಬಂದು ನಿಂತಿತು, ಕೆಂಪು ಕೋಳಿ, ಒಂದು ಕಾಲು ಊರಿ ಒಂದು ಕಾಲು ಎತ್ತಿ, ಕತ್ತನ್ನು ಹಿಂದೆ ಮುಂದೆ ಆಡಿಸಿತು, ಎತ್ತಿದ ಕಾಲು ಎತ್ತಿದ ಹಾಗೇ ಇತ್ತು, ಆಮೇಲೆ ಮಾಯ, ಅದು ನಿಂತಿದ್ದ ಜಾಗಕ್ಕೆ ಫೋಟೋಗಳು ಬಂದು ಕೂತವು, ಗಡಿಬಿಡಿ ಮತ್ತೆ ಪುಟ ತೆರೆದ, ಮತ್ತೆ ಕೋಳಿ, ಮತ್ತೆ ಮಾಯ, ಕೆಳಗಿನ ಅಂಗಡಿಯಲ್ಲಿ ಕೀಲಿ ಮಾಡುವವನ ಯಂತ್ರ ಕಿರ್ರೆಂದು ಯಾರದ್ದೋ ಮನೆಯ ಕೀಲಿ ಉಜ್ಜುತ್ತಿತ್ತು, ಮಧ್ಯಾಹ್ನದ ಬಿಸಿಲು ಕೀಬೋರ್ಡಿನ ಮೇಲೆ ಬಿದ್ದು ಅಕ್ಷರಗಳ ಸಂದಿಯ ಧೂಳೆಲ್ಲ ಕಾಣುತ್ತಿತ್ತು, ಅಕ್ಕ ಇದ್ದಿದ್ದರೆ ಒಣ ಬ್ರಷ್ ತಂದು ಗುಡಿಸುತ್ತಿದ್ದಳು, ಏನೋ ಇದು, ಬೀಜ ಚೆಲ್ಲಿದ್ರೆ ಬೆಳೆ ಬರತ್ತಲ್ಲೋ ಇಲ್ಲಿ ಅನ್ನುತ್ತಿದ್ದಳು, ಗಡಿಬಿಡಿ ಅಂತ ಹೆಸರಿಟ್ಟವಳೂ ಅವಳೇ, ಹುಟ್ಟುವಾಗಲೂ ಕಾಯಲಿಲ್ಲ, ಸೂಲಗಿತ್ತಿ ಚಪ್ಪಲಿ ಬಿಡೋದ್ರೊಳಗೆ ಬಂದ್ಬಿಟ್ಟ ಅಂತ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು, ಅವನು ಓಡುತ್ತ ಓಡುತ್ತಲೇ ದೊಡ್ಡವನಾದ, ಓಡುತ್ತ ಓಡುತ್ತಲೇ ಈ ಕೆಲಸ ಕಲಿತ, ಬ್ಲಾಗು ಬರೆಯುವ ಜನ ತಮ್ಮ ಪುಟಕ್ಕೆ ಸಿಕ್ಕಿಸಿಕೊಳ್ಳುವ ಪ್ಲಗಿನ್ ಮಾಡುವ ಕೆಲಸ, ಸೈಕಲ್ಲಿಗೆ ಗಂಟೆ ಸಿಕ್ಕಿಸಿದ ಹಾಗೆ, ಸೈಕಲ್ಲು ಇನ್ನೊಬ್ಬರದು, ತುಳಿಯುವವರು ಮತ್ತೊಬ್ಬರು, ಗಂಟೆ ಮಾತ್ರ ಇವನದು, ಅದೂ ಬಿಟ್ಟಿ, ಆ ಸೈಕಲ್ಲು ಮಾಡುವವರು ಹೊಸ ಮಾದರಿ ತಂದಾಗಲೆಲ್ಲ ಇವನ ಗಂಟೆಯ ತಿರುಪು ಸಡಿಲ, ಕೂತು ಬಿಗಿ ಮಾಡಬೇಕು, ಬಿಗಿ ಮಾಡುವುದು ಒಂದು ದಿನ ತಡವಾದರೆ ಲೋಕವೆಲ್ಲ ಬೈಯುತ್ತದೆ — ಮತ್ತೆ ಪುಟ ತೆರೆದ, ಮತ್ತೆ ಕೋಳಿ, ಕಾಲು ಎತ್ತಿಕೊಂಡು, ಇವತ್ತು ಸಂಜೆಯೊಳಗೆ ಅಂತ ಬರೆದಿದ್ದಾನಲ್ಲ ಪರೀಕ್ಷಕ, ಸಂಜೆ ಅಂದರೆ ಯಾರ ಊರಿನ ಸಂಜೆ, ಅವನ ಊರಿನಲ್ಲಿ ಬೇಗ ಕತ್ತಲಾಗುತ್ತದೋ ಏನೋ.

ಪರೀಕ್ಷಕ ಕೆಟ್ಟವನಲ್ಲ, ಅವನೂ ಬಿಟ್ಟಿ ದುಡಿಯುವವನೇ, ಎಲ್ಲರ ಪ್ಲಗಿನ್ನುಗಳನ್ನೂ ಜೋಡಿಸಿಟ್ಟ ಆ ದೊಡ್ಡ ಕಪಾಟಿನ ಮುಂದೆ ಕೂತು ಯಾವುದು ಹುಳ ಹಿಡಿದಿದೆ ಯಾವುದು ನೆಟ್ಟಗಿದೆ ಅಂತ ನೋಡುವವನು, ಮುಖ ಕಂಡಿಲ್ಲ, ದನಿ ಕೇಳಿಲ್ಲ, ಬರೆಯುವ ರೀತಿ ನೋಡಿದರೆ ಕನ್ನಡಕ ಇರಬೇಕು ಅನ್ನಿಸುತ್ತದೆ, ಬೆಳಿಗ್ಗೆ ಅವನ ಸಂದೇಶ ಬಂದಿತ್ತು, ನಿಮ್ಮ ಪ್ಲಗಿನ್ ಪುಟಗಳನ್ನು ನಿಧಾನ ಮಾಡುತ್ತಿದೆ ಎಂದು ದೂರು ಬಂದಿದೆ, ಒಳಗೆ ತೆರೆದು ನೋಡಿದೆ, ಫೋಟೋಗಳು ಸಿದ್ಧವಾದ ಮೇಲೂ ಬೇಕಂತಲೇ ಒಂದು ಸೆಕೆಂಡು ಕಾಯುವಂತೆ ಒಂದು ಸಾಲಿದೆ, ಅದರಿಂದ ಯಾವ ಕೆಲಸವೂ ಆಗುತ್ತಿಲ್ಲ, ಆ ಸಾಲಿನ ಪಕ್ಕ ನೀವು ಅಕ್ಕ ನೋಡುವ ತನಕ ಎಂದು ಟಿಪ್ಪಣಿ ಬರೆದಿದ್ದೀರಿ, ಅಕ್ಕ ನೋಡಿದರೇ, ನೋಡಿಯಾಗಿದ್ದರೆ ದಯವಿಟ್ಟು ತೆಗೆಯಿರಿ, ಇಂದು ಸಂಜೆಯೊಳಗೆ ತೆಗೆಯದಿದ್ದರೆ ಪ್ಲಗಿನ್ನನ್ನು ಕಪಾಟಿನಿಂದ ಇಳಿಸಬೇಕಾಗುತ್ತದೆ — ಅಕ್ಕ ನೋಡಿದರೇ ಅಂತ ಎಷ್ಟು ಮರ್ಯಾದೆಯಿಂದ ಕೇಳಿದ್ದಾನೆ ಪುಣ್ಯಾತ್ಮ, ಮನೆಗೆ ಬಂದ ನೆಂಟ ಒಳಗಿನವರನ್ನು ವಿಚಾರಿಸಿದ ಹಾಗೆ, ಗಡಿಬಿಡಿ ಉತ್ತರ ಬರೆದ, ಅಳಿಸಿದ, ಅಕ್ಕ ಅಂದರೆ ಏನಂದರೆ ಅಂತ ಶುರು ಮಾಡಿದ, ಅದನ್ನೂ ಅಳಿಸಿದ, ತೆಗೆಯದೇ ಇದ್ದರೆ ಕಪಾಟಿನಿಂದ ಇಳಿಯುತ್ತದೆ, ಇಳಿದರೆ ಇದನ್ನು ಸಿಕ್ಕಿಸಿಕೊಂಡವರಿಗೆಲ್ಲ ಅಪಾಯ ಅಂತ ಕೆಂಪು ಪಟ್ಟಿ ಹೋಗುತ್ತದೆ, ಅವರೆಲ್ಲ ಕಿತ್ತು ಬಿಸಾಡುತ್ತಾರೆ, ಕೋಳಿ ಎಲ್ಲ ಕಡೆ ಸಾಯುತ್ತದೆ, ಸಾಲು ತೆಗೆದರೆ ಕೋಳಿ ಇರುತ್ತದೆ, ಇದ್ದೂ ಯಾರ ಕಣ್ಣಿಗೂ ಬೀಳುವುದಿಲ್ಲ, ಈಗಿನ ಯಂತ್ರಗಳ ಓಟಕ್ಕೆ ಬಂದದ್ದೂ ಗೊತ್ತಾಗುವುದಿಲ್ಲ ಹೋದದ್ದೂ ಗೊತ್ತಾಗುವುದಿಲ್ಲ, ಯಾವ ಕಡೆಯಿಂದ ಕುಯ್ದರೂ ಕತ್ತು ಅದೇ ಕೋಳಿಯದು.

ಮೊದಲು ಕೋಳಿ ಇರಲಿಲ್ಲ, ಫೋಟೋ ಬರುವ ತನಕ ಒಂದು ಬಳೆ ತಿರುಗುತ್ತಿತ್ತು, ಎಲ್ಲರೂ ಹಾಕುವ ಬಳೆ, ಅಕ್ಕ ಊಟದ ಡಬ್ಬಿ ಹಿಡಿದು ಬಂದವಳು ಹಿಂದೆ ನಿಂತು ನೋಡಿದಳು, ಏನೋ ಅದು, ಬಚ್ಚಲು ತೂತಲ್ಲಿ ನೀರು ಇಳಿದ ಹಾಗಿದೆ, ನೋಡಿದ್ರೆ ತಲೆ ಸುತ್ತತ್ತೆ — ಕಾಯ್ತಾ ಇರಿ ಅಂತ ಗುರುತು ಕಣೇ ಅದು — ಕಾಯೋರನ್ನ ಹಾಗೆ ಕೂರಿಸ್ತಾರೇನೋ ಯಾರಾದ್ರೂ, ಕಣ್ಣಿಗೆ ಏನಾದ್ರೂ ಕೊಡು — ಅಂತಂದವಳು ಅಲ್ಲೇ ನೆಲದ ಮೇಲೆ ಕೂತು ಜೊತೆಗಿದ್ದ ಬಣ್ಣದ ಡಬ್ಬಗಳ ಮುಚ್ಚಳ ಬಿಚ್ಚಿದಳು, ಅವಳ ಕಸುಬು ಅಂಗಡಿ ಬೋರ್ಡು ಬರೆಯುವುದು, ಊರಿನ ಕ್ಷೌರದಂಗಡಿ, ಪಂಚರ್ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲರ ತಲೆಯ ಮೇಲಿನ ಅಕ್ಷರವೂ ಅವಳ ಕೈಯದೇ, ಅವಳು ಬರೆದ ಹಲ್ಲು ಎಷ್ಟು ಬೆಳ್ಳಗಿತ್ತೆಂದರೆ ರಾತ್ರಿ ಬೀದಿದೀಪ ಕೆಟ್ಟರೆ ಜನ ಅದರ ಬೆಳಕಲ್ಲಿ ಮನೆ ಸೇರುತ್ತಿದ್ದರು, ಸುಳ್ಳಲ್ಲ, ಆ ಡಾಕ್ಟರನ್ನೇ ಕೇಳಿ, ಕತ್ತರಿಸಿ ಉಳಿದ ತಗಡಿನ ಚೂರಿನ ಮೇಲೆ ಬೋರ್ಡಿನ ಕೆಂಪು ಬಣ್ಣದಲ್ಲೇ ಕೋಳಿ ಬರೆದಳು, ಬ್ರಷ್ಷಿನದೊಂದು ಕೂದಲು ಉದುರಿ ಹೊಟ್ಟೆಯ ಮೇಲೆ ಅಂಟಿಕೊಂಡಿತು, ತೆಗೀತೀನಿ ಇರು ಅಂದ, ಬೇಡ ಬಿಡೋ, ಪುಕ್ಕ ಅನ್ಕೋತಾರೆ ಅಂದಳು, ಫೋಟೋ ತೆಗೆದು, ಸುತ್ತಲ ತಗಡು ಅಳಿಸಿ, ಕತ್ತು ಕುಣಿಯುವ ಹಾಗೆ ಮಾಡಿ ಪ್ಲಗಿನ್ನಿನೊಳಗೆ ಕೂರಿಸಿದ, ಬಾ ನೋಡು ಅಂದ, ಪುಟ ತೆರೆದ, ಎಲ್ಲೋ ಕೋಳಿ — ಬಂತಲ್ಲೇ, ಹೋಯ್ತು — ಬಂತಾ, ಅಯ್ಯೋ ನಾನು ಕಣ್ಣು ಮಿಟುಕಿಸಿದೆ, ಇನ್ನೊಂದ್ಸಲ — ಹ್ಞಾಂ ನೋಡು — ಮತ್ತೆ ಮಿಟುಕಿಸಿದೆ ಕಣೋ, ಇದೇನು ಕೋಳಿನೋ ಕಳ್ಳನೋ, ನಿನ್ನ ಕೈಗೆ ಬಂದಿದ್ದೇ ತಡ ನಿನ್ನ ಬುದ್ಧಿನೇ ಕಲಿತುಬಿಟ್ಟಿದೆ, ನಿಂತ್ಕೊಳೋಕೆ ಹೇಳೋ ಅದಕ್ಕೆ — ಅವನು ನಗುತ್ತ ಒಂದು ಸಾಲು ಸೇರಿಸಿದ, ಒಂದು ಸೆಕೆಂಡು ಕಾಯಿ ಅಂತ, ಪಕ್ಕದಲ್ಲಿ ಮರೆಯದಿರಲಿ ಅಂತ ಬರೆದುಕೊಂಡ, ಅಕ್ಕ ನೋಡುವ ತನಕ, ಪುಟ ತೆರೆದ, ಕೋಳಿ ಬಂತು, ನಿಂತಿತು, ಅಕ್ಕ ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು, ಬೆರಳಿನ ಕೆಂಪು ತುಟಿಗೆ ತಾಗಿತು, ಕಾಲು ಕೆಳಗಿಡಲ್ವೇನೇ ಅದು — ಅದು ಎರಡನೇ ಚಿತ್ರ ಕಣೋ, ಒಂದ್ರಲ್ಲಿ ಎತ್ತಿರತ್ತೆ ಇನ್ನೊಂದ್ರಲ್ಲಿ ಇಟ್ಟಿರತ್ತೆ, ಎರಡೂ ಸೇರಿದ್ರೆ ನಡಿಯತ್ತೆ, ನಾಳೆ ಬರ್ಕೊಡ್ತೀನಿ, ನಿನಗೆಲ್ಲ ಈಗ್ಲೇ ಆಗ್ಬೇಕು.

ಆ ಸಾಲನ್ನು ಅವತ್ತೇ ತೆಗೆಯಬೇಕಿತ್ತು, ತೆಗೆಯುವವನೇ ಇದ್ದ, ಅಷ್ಟರಲ್ಲಿ ಸೈಕಲ್ಲಿನವರು ಹೊಸ ಮಾದರಿ ಬಿಟ್ಟರು, ಎಲ್ಲರ ಗಂಟೆಯೂ ಸಡಿಲ, ಇವನು ರಿಪೇರಿ ಮಾಡಿದ, ಕಟ್ಟಿದ, ಬಿಡುಗಡೆ ಬಟನ್ ಒತ್ತಿದ, ರಿಪೇರಿಯ ಜೊತೆಗೆ ಆ ಸಾಲೂ ಹೋಯಿತು, ಮೂಟೆಯೊಳಗೆ ಬೆಕ್ಕಿನ ಮರಿ ಸೇರಿಕೊಂಡು ಹೋದ ಹಾಗೆ, ಅಲ್ಲಿಂದ ಹಿಡಿದು ಲೋಕದಲ್ಲಿ ಎಲ್ಲಿ ಯಾರು ಯಾರ ಬ್ಲಾಗು ತೆರೆದರೂ ಅಕ್ಕನ ಕೋಳಿಗೆ ಒಂದು ಸೆಕೆಂಡು ಸಲ್ಲಿಸಿಯೇ ಮುಂದೆ ಹೋಗಬೇಕು, ಹಿಮ ಬೀಳುವ ಊರಲ್ಲಿ ಕೈಗವಸು ಹಾಕಿಕೊಂಡವರ ಮುಂದೆ ನಿಂತಿತು, ಮರಳುಗಾಡಲ್ಲಿ ನಿಂತಿತು, ಹಡಗಿನಲ್ಲಿ ನಿಂತಿತು, ಇಬ್ಬರು ರಾಜರು ಯುದ್ಧದ ನಕಾಶೆ ನೋಡೋಣ ಅಂತ ಪುಟ ತೆರೆದು, ಕೋಳಿ ನೋಡಿ ನಗು ಬಂದು, ಯುದ್ಧ ಬಿಟ್ಟು ಟೀ ಕುಡಿದರಂತೆ, ಯಾರು ಹೇಳಿದರು ಅಂತ ಕೇಳಬೇಡಿ, ದೂರುಗಳೂ ಬಂದವು, ನಿಮ್ಮ ಕೋಳಿ ಕಾಲು ಕೆಳಗಿಡುತ್ತಿಲ್ಲ, ಸರಿಪಡಿಸಿ, ನಿಮ್ಮ ಕೋಳಿಯ ಹೊಟ್ಟೆಯ ಮೇಲೆ ಕೂದಲಿದೆ, ಮೊದಲು ನನ್ನ ಸ್ಕ್ರೀನಿನ ಮೇಲಿದೆ ಅಂದುಕೊಂಡು ಒರೆಸಿ ಒರೆಸಿ ಸಾಕಾಯಿತು, ಸರಿಪಡಿಸಿ, ಎರಡಕ್ಕೂ ಗಡಿಬಿಡಿ ಒಂದೇ ಉತ್ತರ ಬರೆದು ಮುಚ್ಚಿದ, ಇದು ದೋಷವಲ್ಲ, ಹೀಗೇ ಇರಬೇಕಾದದ್ದು, ಕೇಕ್ ಮಾಡುವಾಕೆ ಮಾತ್ರ ನೇರ ಫೋನೇ ಮಾಡುತ್ತಿದ್ದಳು, ಮೊದಮೊದಲ ದಿನಗಳಿಂದ ಇವನ ಪ್ಲಗಿನ್ ಹಾಕಿಕೊಂಡವಳು, ಅಣ್ಣಾ, ಕೇಕ್ ನೋಡೋಕೆ ಬಂದವ್ರಿಗೆಲ್ಲ ಮೊದ್ಲು ಕೋಳಿ ಕಾಣ್ಸತ್ತೆ, ಮಾಂಸದಂಗಡಿ ಅನ್ಕೊಂಡು ಹಿಂದೆ ಹೋಗ್ತಿದಾರೆ, ನಿನ್ನೆ ಒಬ್ರು ಕಿಲೋ ಹೇಗೆ ಅಂತ ಕೇಳಿದ್ರು, ಇನ್ನೊಬ್ರು ಚರ್ಮ ತೆಗೆದು ಕೊಡ್ತೀರಾ ಅಂದ್ರು — ಕೊಡಿ ಅಮ್ಮಾ, ಕೇಕಿನ ಚರ್ಮ ತೆಗೀರಿ — ತಮಾಷೆ ಸಾಕಣ್ಣ, ಪಕ್ಕದ ಬೀದಿಯವಳ ಪುಟ ಟಪ್ ಅಂತ ತೆರ್ಕೊಳತ್ತೆ, ನಂದು ಮಾತ್ರ ಕೋಳಿ ಮುಖ ನೋಡ್ಕೊಂಡು ನಿಂತಿರತ್ತೆ, ಈ ಸಲ ನಾನು ದೂರು ಕೊಟ್ಬಿಡ್ತೀನಿ ನೋಡಿ ಆಮೇಲೆ ಬೇಜಾರ್ ಮಾಡ್ಕೋಬೇಡಿ — ಕೊಟ್ಟಳು, ಪಾಪ, ಬೇಜಾರಿಲ್ಲ, ಅವಳದೇನು ತಪ್ಪು, ಅವಳಿಗೆ ಗೊತ್ತಿಲ್ಲ, ಅವತ್ತು ಅವಳ ಪುಟ ಬೆಳ್ಳಗಾಗದೇ ಇದ್ದಿದ್ದರೆ — ಬೇಡ, ಅಲ್ಲಿಗೆ ಹೋಗುವುದು ಬೇಡ, ಪುಟ ತೆರೆ, ಕೋಳಿ, ಕಾಲು.

ಕಾಲು, ಅಕ್ಕನಿಗೆ ಮೆಟ್ಟಿಲು ಆಗುತ್ತಿರಲಿಲ್ಲ, ಬಣ್ಣದ ಘಾಟು ಕುಡಿದೂ ಕುಡಿದೂ ಎದೆ ಹಳೇ ಬುಟ್ಟಿಯ ಹಾಗೆ ಕಿರುಗುಟ್ಟುತ್ತಿತ್ತು, ಅವನ ಕೋಣೆ ಮೇಲಿನ ಮಹಡಿ, ತಿರುವಿನಲ್ಲಿ ನಿಲ್ಲುತ್ತಿದ್ದಳು, ಒಂದು ಕಾಲು ಮೇಲಿನ ಮೆಟ್ಟಿಲಿಗೆ ಎತ್ತಿಟ್ಟು, ಇರೋ ಗಡಿಬಿಡಿ ಅನ್ನುತ್ತಿದ್ದಳು, ಉಸಿರು ಸಿಕ್ಕುತ್ತಿಲ್ಲ ಅಂತ ಒಂದು ದಿನವೂ ಒಪ್ಪಿಕೊಂಡವಳಲ್ಲ, ಗೋಡೆಗೆ ಮುಖ ಹಚ್ಚಿ, ಕಸುಬಿನವಳ ಹಾಗೆ, ನೋಡೋ ಇಲ್ಲಿ, ಒಂದೇ ಕೋಟು ಹೊಡೆದು ಎರಡು ಕೋಟಿನ ದುಡ್ಡು ತಿಂದಿದಾನೆ, ಇದು ಗೋಡೆನಾ ಹಪ್ಪಳನಾ, ಅನ್ನುತ್ತ ಅನ್ನುತ್ತ ಉಸಿರು ಒಟ್ಟುಮಾಡಿಕೊಳ್ಳುತ್ತಿದ್ದಳು, ಇಡೀ ಕಟ್ಟಡಕ್ಕೆ ಗೊತ್ತಿತ್ತು, ಕೀಲಿಯಣ್ಣ ಕೆಳಗಿನಿಂದ ಕೂಗುತ್ತಿದ್ದ, ಅಕ್ಕಾವ್ರೇ ಗೋಡೆ ಪಾಸಾಯ್ತಾ ಫೇಲಾಯ್ತಾ, ಫೇಲು ಕಣಪ್ಪ, ನಾಳೆ ಮತ್ತೆ ಬಂದು ನೋಡ್ತೀನಿ, ಗಡಿಬಿಡಿ ಜಗತ್ತಿನಲ್ಲಿ ಎಲ್ಲಿಯೂ ನಿಂತವನಲ್ಲ, ಬಸ್ಸಿಗೆ ನಿಂತವನಲ್ಲ, ಹಾಲು ಉಕ್ಕುವುದಕ್ಕೆ ನಿಂತವನಲ್ಲ, ಆ ತಿರುವಿನಲ್ಲಿ ಮಾತ್ರ ನಿಲ್ಲುತ್ತಿದ್ದ, ಗೋಡೆ ನೋಡುತ್ತಿದ್ದ, ಹೌದಲ್ವೇನೇ, ಇಲ್ಲೂ ಸುಲಿದಿದೆ ಅನ್ನುತ್ತಿದ್ದ, ಇಬ್ಬರೂ ಸೇರಿ ಗೋಡೆಗೆ ಬೈಯುತ್ತಿದ್ದರು, ಅವಳು ಇರೋ ಅನ್ನುವುದು, ಇವನು ಇರುವುದು, ಹಾಗೇ ನಡೆದುಕೊಂಡು ಬಂದಿತ್ತು, ಅವತ್ತೂ ನಿಂತಿದ್ದ, ಅಷ್ಟರಲ್ಲಿ ಫೋನು, ಕೇಕಿನಾಕೆ, ಅಣ್ಣಾ ನನ್ ಪುಟ ಪೂರ್ತಿ ಬೆಳ್ಳಗಾಗಿದೆ, ಹಾಳೆ ಥರ, ನಾಳೆ ಮೂರು ಮದುವೆ ಆರ್ಡರು ಇದೆ ಅಣ್ಣಾ ಅಂತ ಅಳುವುದೊಂದು ಬಾಕಿ, ಅಕ್ಕ ಕೇಳಿಸಿಕೊಂಡಳು, ನಡಿಯೋ ನೀನು — ಇರ್ತೀನಿ ಬಿಡೇ — ಏನಿರ್ತೀಯ, ಯಾರೋ ಹೆಣ್ಮಗಳು ಅಂಗಡಿ ಬಾಗಿಲು ಮುಚ್ಕೊಂಡು ಕೂತಿದಾಳೆ ಅಂದ್ರೆ ನೀನಿಲ್ಲಿ ಗೋಡೆ ನೋಡ್ತೀಯ, ಕೋಳಿ ಕಾಲೂ ಇವತ್ತು ಬರೆದುಬಿಡೋಣ, ಬಣ್ಣ ತಂದಿದೀನಿ, ನಡಿ, ಬಂದೆ — ನಡಿ ಬಂದೆ, ಹುಟ್ಟಿದಾಗಿನಿಂದ ಇರೋ ಇರೋ ಅಂದವಳು ಅದೊಂದು ಸಲ ನಡಿ ಅಂದಳು, ನಡೆದ, ಅವಳು ಹೇಳಿದಳು ಅಂತಲೇ ನಡೆದ, ಎರಡೆರಡು ಮೆಟ್ಟಿಲು ಹಾರಿ, ಕೂತ, ಹುಡುಕಿದ, ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ ಅಷ್ಟೇ, ಮುಚ್ಚಿದ, ಪುಟಕ್ಕೆ ಬಣ್ಣ ಬಂತು, ಅಣ್ಣಾ ನೀವು ದೇವ್ರು ಅಂದಳು ಕೇಕಿನಾಕೆ, ನಗುತ್ತ ಬಾಗಿಲ ಕಡೆ ತಿರುಗಿದ, ಅಕ್ಕ ಇನ್ನೂ ಬಂದಿರಲಿಲ್ಲ, ಈ ಗೋಡೆಗೆ ಇವತ್ತು ದೊಡ್ಡ ಪರೀಕ್ಷೆ ಅಂದುಕೊಂಡ, ಹೊರಗೆ ಬಂದು ಬಗ್ಗಿ ನೋಡಿದ, ತಿರುವಿನಲ್ಲಿ ಗೋಡೆಗೆ ಮುಖ ಹಚ್ಚಿ ಕುಸಿದು ಕೂತಿದ್ದಳು, ಬಣ್ಣದ ಡಬ್ಬ ಚೆಲ್ಲಿರಲಿಲ್ಲ, ಪಕ್ಕದಲ್ಲಿ ನೆಟ್ಟಗಿತ್ತು, ಒಂದು ಕಾಲು ಕೆಳಗೆ, ಒಂದು ಕಾಲು ಮೇಲಿನ ಮೆಟ್ಟಿಲ ಮೇಲೆ, ಎತ್ತಿಟ್ಟದ್ದು ಎತ್ತಿಟ್ಟ ಹಾಗೇ, ಮೇಲೆ ಬರುವುದಕ್ಕೆ — ಕೀಲಿಯಣ್ಣ ಆಮೇಲೆ ಕೈ ಹಿಸುಕಿಕೊಳ್ಳುತ್ತ ಹೇಳಿದ, ನಾನು ಅದೇ ಮೆಟ್ಟಿಲು ದಾಟ್ಕೊಂಡು ಹೋದೆ ಕಣಪ್ಪ, ಗೋಡೆ ನೋಡ್ತಿದಾರೆ ಅನ್ಕೊಂಡೆ, ಮಾತಾಡಿಸ್ಲಿಲ್ಲ, ಪಾಸಾ ಫೇಲಾ ಅಂತ ಕೇಳಿದ್ರೂ ಆಗ್ತಿತ್ತು, ಕೇಳ್ಲಿಲ್ಲ.

ಕಿರ್ರ್ ಅಂದು ಯಂತ್ರ ನಿಂತಿತು, ಬಿಸಿಲು ಕೀಬೋರ್ಡಿನಿಂದ ಇಳಿದು ಮೇಜಿನ ಕಾಲಿಗೆ ಬಂದಿದೆ, ಸಂಜೆ ಹತ್ತಿರವಾಗುತ್ತಿದೆ, ಯಾರ ಊರಿನದಾದರೇನು, ಸಾಲಿನ ಮುಂದೆ ಗೆರೆ ಮಿಟುಕುತ್ತಿದೆ, ಮಿಟುಕುತ್ತಿದೆ, ಇನ್ನೊಂದ್ಸಲ ಕಣೋ ನಾನು ಕಣ್ಣು ಮಿಟುಕಿಸಿದೆ, ಇಷ್ಟು ದಿನ ಲೋಕವನ್ನೆಲ್ಲ ಒಂದೊಂದು ಸೆಕೆಂಡು ನಿಲ್ಲಿಸಿದ್ದಾಯಿತು, ಆ ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿದ ಹಾಗೆ, ಯಾರೂ ಅವಳನ್ನು ದಾಟಿಕೊಂಡು ಹೋಗಬಾರದು ಅಂತ, ನಿಂತವರು ಬೈದರು, ಕಿಲೋ ಹೇಗೆ ಅಂದರು, ಯಾರೊಬ್ಬರೂ ಪಾಸಾ ಫೇಲಾ ಅಂತ ಕೇಳಲಿಲ್ಲ, ಅವರಿಗೇನು ಗೊತ್ತು, ಪಾಪ ಯಾರೋ ಹೆಣ್ಮಗಳು ಅಂಗಡಿ ಬಾಗಿಲು ಮುಚ್ಕೊಂಡು ಕೂತಿದಾಳೆ, ನಡಿಯೋ, ಅಕ್ಕನೇ ಹೇಳಿದ್ದು, ಬೇರೆ ಯಾರು ಹೇಳಿದ್ದರೂ ಕೇಳುತ್ತಿರಲಿಲ್ಲ, ಪರೀಕ್ಷಕನಿಗೆ ಎರಡೇ ಪದ ಬರೆದ, ಅಕ್ಕ ನೋಡಿದರು, ಬರೆದು ಕೂತ, ನೋಡಿದಳಲ್ಲವೇ, ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳಲ್ಲವೇ, ಸುಳ್ಳಲ್ಲವಲ್ಲ, ಕಳಿಸಿದ, ಸಾಲು ಅಳಿಸಿದ, ಟಿಪ್ಪಣಿಯನ್ನೂ ಅಳಿಸಿದ, ಮೇಲಿನ ಸಾಲೂ ಕೆಳಗಿನ ಸಾಲೂ ಸರಿದು ಕೂಡಿಕೊಂಡವು, ನಡುವೆ ಏನೂ ಇರಲೇ ಇಲ್ಲ ಅನ್ನುವ ಹಾಗೆ, ಬಿಡುಗಡೆ ಒತ್ತಿದ, ಹಿಮದ ಊರಿಗೆ, ಮರಳುಗಾಡಿಗೆ, ಹಡಗಿಗೆ, ಕೇಕಿನ ಪುಟಕ್ಕೆ, ಹೋಯಿತು, ಸ್ವಲ್ಪ ಹೊತ್ತಿಗೆಲ್ಲ ಫೋನು, ಅಣ್ಣಾ ಟಪ್ ಅಂತ ತೆರ್ಕೊಳ್ತು ಅಣ್ಣಾ, ಕೋಳಿ ತೆಗೆದ್ರಾ — ಇಲ್ಲಮ್ಮಾ, ಇದೆ — ಕಾಣ್ಲೇ ಇಲ್ವಲ್ಲ — ಇದೆ — ಏನೋಪ್ಪ, ಅಭ್ಯಾಸ ಆಗ್ಬಿಟ್ಟಿತ್ತು, ಒಂಥರಾ ಖಾಲಿ ಖಾಲಿ ಅನ್ಸತ್ತೆ — ಅನ್ನಿಸುತ್ತದೆ, ತನ್ನ ಪುಟ ತೆರೆದ, ಪರೀಕ್ಷೆ ಮಾಡುವುದಕ್ಕೆ ಇಟ್ಟುಕೊಂಡ ಪುಟ, ಅದರ ತುಂಬ ಅಕ್ಕ ಬರೆದ ಬೋರ್ಡುಗಳ ಫೋಟೋ, ಕತ್ತರಿ, ಚಕ್ರ, ಬೆಳ್ಳನೆ ಹಲ್ಲು, ಟಪ್ ಅಂತ ಬಂದವು, ಕೋಳಿ ಇಲ್ಲ, ಮತ್ತೆ ತೆರೆದ, ಟಪ್, ಮತ್ತೆ, ಟಪ್, ರೆಪ್ಪೆ ಹಿಡಿದುಕೊಂಡು ನೋಡಿದ, ಕಣ್ಣಲ್ಲಿ ನೀರು ಬಂತು, ಟಪ್, ಮೇಜಿನ ಕೆಳಖಾನೆ ಎಳೆದ, ಯಾಕೆ ಎಳೆದನೋ, ಕೈ ತಾನೇ ಹೋಯಿತು, ಅಕ್ಕನ ಫೋನು, ಯಾವ ಕಾಲದ್ದೋ, ಮೂಲೆ ಒಡೆದದ್ದು, ಗಾಜಿನ ಮೇಲೆ ಹೆಬ್ಬೆರಳಗಲ ನೀಲಿ ಬಣ್ಣ ಒಣಗಿ ಕೂತಿದೆ, ಹೊಸದು ಕೊಡಿಸ್ತೀನಿ ಬಾರೇ ಅಂದರೆ ನನ್ನ ಹಾಗೇ ಇದೆ ಬಿಡೋ ಇದು, ನಿಧಾನ, ಆದ್ರೆ ತಲುಪತ್ತೆ ಅನ್ನುತ್ತಿದ್ದಳು, ಚಾರ್ಜಿಗೆ ಹಾಕಿದ, ಎದ್ದಿತು, ಏದುಸಿರು ಬಿಡುತ್ತ ಎದ್ದಿತು, ಅದೇ ಪುಟ ತೆರೆದ, ಬೆಳ್ಳನೆ ಪುಟ, ಏನೂ ಇಲ್ಲ, ಆಮೇಲೆ — ಕೋಳಿ, ಯಾವ ಸಾಲೂ ಹೇಳಿಲ್ಲ, ಯಾರೂ ನಿಲ್ಲಿಸಿಲ್ಲ, ಫೋನಿಗೇ ಕೈಲಾಗದೆ ನಿಂತಿದೆ ಕೋಳಿ, ಕೆಂಪು ಕೋಳಿ, ಹೊಟ್ಟೆಯ ಮೇಲೆ ಬ್ರಷ್ಷಿನ ಕೂದಲು, ನೀಲಿ ಬಣ್ಣದ ಹಿಂದೆ ಕತ್ತು ಆಡಿಸುತ್ತಿದೆ, ಫೋಟೋಗಳು ಬರುತ್ತಿಲ್ಲ, ಬರದಿದ್ದರೆ ಬೇಡ, ಇರ್ತೀನಿ ಬಿಡೇ, ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೋಣೆಯಿಂದ ಹೊರಗೆ ಬಂದ, ಇಳಿದ, ತಿರುವಿನಲ್ಲಿ ಗೋಡೆಗೆ ಒರಗಿ ಕೂತ, ಕೋಳಿ ನಿಂತೇ ಇದೆ, ಒಂದು ಕಾಲು ಕೆಳಗೆ, ಒಂದು ಕಾಲು ಎತ್ತಿ, ಇಡುತ್ತದೆ, ಈಗ ಇಡುತ್ತದೆ, ಒಂದು ಕಾಲು ಎತ್ತಿ

ಅಷ್ಟೇ, ಅವನು ಇನ್ನೂ ಅಲ್ಲೇ ಕೂತಿದ್ದಾನೆ, ನಂಬದಿದ್ದರೆ ಹೋಗಿ ನೋಡಿ, ಆದರೆ ಆ ಫೋನು ಇನ್ನೆಷ್ಟು ದಿನ ಬಂದೀತು, ಆಗಲೇ ಬೆನ್ನು ಉಬ್ಬಿದೆಯಂತೆ, ನಿಮ್ಮ ಮನೆಯಲ್ಲಿ ಹಳೇದೊಂದು, ನಿಧಾನ ಅಂತ ಬೈದು ಮೂಲೆಗೆ ಹಾಕಿದ್ದು, ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ, ಕಥೆ ಬಿಟ್ಟಿ ಕೇಳಿದ್ದೀರಿ, ಏಳಿ, ಹುಡುಕಿ, ಇತ್ತ ಕೊಡಿ, ಎಷ್ಟು ನಿಧಾನವೋ ಅಷ್ಟು ಒಳ್ಳೆಯದು.